ಮಂದೆಯನ್ನು ಬಿಡದ ಕುರಿಗಾಹಿ: ಸಂತ ಚಾರ್ಲ್ಸ್ ಬೊರೋಮಿಯೋ

ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭವೇಳೆಯಲ್ಲಿ ಗತಿಸಿದ ನೂರು ವರ್ಷಗಳ ಸುಖದುಃಖಗಳನ್ನು ನಾವು ಸ್ಮರಿಸುತ್ತಿದ್ದೇವೆ. ಅವುಗಳಲ್ಲಿ 2020ರ ಕೊರೋನಾ ದಿನಗಳನ್ನು ಮರೆಯಲಾದೀತೇ? ಪಾಸ್ಕ ಹಬ್ಬದಂದು ಕೂಡ ದೇವಾಲಯದ ಬಾಗಿಲು ನಮಗೆ ತೆರೆಯಲಿಲ್ಲ. ಭಾನುವಾರಗಳು ಪರಮಪ್ರಸಾದವಿಲ್ಲದೆ ಸರಿದುಹೋದವು. ಭಕ್ತಾದಿಗಳು ಒಂದೆಡೆ ಕೂಡಲಾಗದಾಗ ಧರ್ಮಸಭೆಯು ಮಾಡಬೇಕಾದದ್ದೇನು ಎಂಬ ಪ್ರಶ್ನೆ ಆಗ ನಮ್ಮಲ್ಲನೇಕರನ್ನು ಕಾಡಿತು. ನಾಲ್ಕೂವರೆ ಶತಮಾನಗಳ ಹಿಂದೆ ಇದೇ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತ ಮಹಾನುಭಾವರು ಮಿಲಾನಿನ ಮಹಾಧರ್ಮಾಧ್ಯಕ್ಷ ಸಂತ ಚಾರ್ಲ್ಸ್ ಬೊರೋಮಿಯೋರವರು.

ಇಟಲಿಯ ಮಜ್ಜೋರೆ ಸರೋವರದ ತೀರದಲ್ಲಿರುವ ಅರೋನದ ಕೋಟೆಯಲ್ಲಿ 1538ರ ಅಕ್ಟೋಬರ್ 2ರಂದು ಚಾರ್ಲ್ಸರು ಜನಿಸಿದರು. ಮನೆತನ ಶ್ರೀಮಂತವಾದದ್ದು. ಬಾಲ್ಯದಲ್ಲಿಯೇ ಒಂದು ಮಠದ ಆದಾಯ ಅವರ ಹೆಸರಿಗೆ ಬಂದಾಗ, ತಮ್ಮ ವಿದ್ಯಾಭ್ಯಾಸಕ್ಕೆ ಬೇಕಾದಷ್ಟನ್ನು ಬಿಟ್ಟು ಉಳಿದದ್ದು ಬಡವರ ಸ್ವತ್ತೆಂದು ತಂದೆಗೆ ನೆನಪಿಸಿದರಂತೆ. 1559ರಲ್ಲಿ ಸೋದರಮಾವ ನಾಲ್ಕನೆಯ ಪಿಯುಸ್ ಎಂಬ ಹೆಸರಿನಿಂದ ಜಗದ್ಗುರುಗಳಾದರು. ಮರುವರ್ಷವೇ ಇಪ್ಪತ್ತೊಂದರ ತರುಣ ಚಾರ್ಲ್ಸರು ಕಾರ್ಡಿನಲ್ ಪದವಿಗೇರಿದರು. 1562ರಲ್ಲಿ ಒಬ್ಬನೇ ಅಣ್ಣ ತೀರಿಕೊಂಡಾಗ, ವಿವಾಹವಾಗಿ ವಂಶವನ್ನು ಉಳಿಸೆಂದು ಬಂಧುಗಳು ಒತ್ತಾಯಿಸಿದರು. ಅವರಾದರೋ 1563ರಲ್ಲಿ ಗುರುದೀಕ್ಷೆಯನ್ನೂ ಧರ್ಮಾಧ್ಯಕ್ಷ ದೀಕ್ಷೆಯನ್ನೂ ಸ್ವೀಕರಿಸಿದರು.

ಅದೇ ವರ್ಷ ಮುಕ್ತಾಯಗೊಂಡ ಟ್ರೆಂಟ್ ಮಹಾಸಭೆಯು, ಧರ್ಮಾಧ್ಯಕ್ಷರು ತಮ್ಮ ಜನರ ನಡುವೆಯೇ ವಾಸಿಸತಕ್ಕದ್ದೆಂದು ಒತ್ತಿಹೇಳಿತ್ತು. ಮಿಲಾನಿನಲ್ಲಿಯೋ ಸುಮಾರು ಎಂಬತ್ತು ವರ್ಷಗಳಿಂದ ಯಾವ ಮಹಾಧರ್ಮಾಧ್ಯಕ್ಷರೂ ನೆಲೆಸಿರಲಿಲ್ಲ. 1565ರಲ್ಲಿ ಚಾರ್ಲ್ಸರು ಅಲ್ಲಿಗೆ ಬಂದರು. ಗುರುಮಠಗಳನ್ನು ಕಟ್ಟಿದರು, ಮಕ್ಕಳಿಗೆ ಧರ್ಮೋಪದೇಶದ ಶಾಲೆಗಳನ್ನು ಬೆಳೆಸಿದರು, ಬೆಟ್ಟದ ಹಳ್ಳಿಗಳಿಗೂ ಹೋಗಿ ಜನರನ್ನು ಕಂಡರು. ಶಿಸ್ತಿನಲ್ಲಿ ಅವರು ಕಠಿಣರು. ಅವರ ಸುಧಾರಣೆಗಳನ್ನು ಸಹಿಸದ ಕೆಲವರ ಸಂಚಿನಿಂದ 1569ರಲ್ಲಿ ಪ್ರಾರ್ಥನೆಯ ವೇಳೆಯಲ್ಲೇ ಅವರ ಮೇಲೆ ಗುಂಡು ಹಾರಿತು. ದೈವಕೃಪೆಯಿಂದ ಪಾರಾದರು.

ಇವೆಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಎದುರಾದದ್ದು 1576ರ ಬೇಸಿಗೆಯಲ್ಲಿ. ಮಿಲಾನಿಗೆ ಪ್ಲೇಗು ಕಾಲಿಟ್ಟಿತು. ಲೋದಿಯ ಧರ್ಮಾಧ್ಯಕ್ಷರ ಅಂತ್ಯಕ್ರಿಯೆಗೆಂದು ಹೋಗಿದ್ದ ಚಾರ್ಲ್ಸರು ಸುದ್ದಿ ತಿಳಿದೊಡನೆ ಹಿಂದಿರುಗಿದರು. ಇತ್ತ ರಾಜ್ಯಪಾಲರೂ ಅನೇಕ ಶ್ರೀಮಂತರೂ ಊರು ಬಿಟ್ಟಿದ್ದರು. ದೂರವಿದ್ದು ಪ್ರಾಣ ಉಳಿಸಿಕೊಳ್ಳಬೇಕೆಂಬ ಹಿತವಚನ ಅವರಿಗೂ ಬಂದಿತು. ಅವರು ಮರಣಶಾಸನವನ್ನು ಬರೆದಿಟ್ಟು ಮಂದೆಯ ನಡುವೆಯೇ ನಿಂತರು.

ರೋಗಿಗಳನ್ನು ನಗರದ ಹೊರವಲಯದ ಲಜರೆಟ್ಟೋ ಎಂಬ ವಿಶಾಲವಾದ ಆವರಣದಲ್ಲಿ ಇಡಲಾಗುತ್ತಿತ್ತು. ಅಲ್ಲಿ ಅನ್ನವೂ ಸಾಲದು, ಆರೈಕೆಯೂ ಇಲ್ಲ. ಸಾಯುವವರಿಗೆ ಸಂಸ್ಕಾರಗಳನ್ನು ನೀಡುವವರೂ ವಿರಳ. ಗುರುಗಳಲ್ಲಿ ಕೆಲವರು ಹಿಂಜರಿದರೆಂಬುದನ್ನು ನಾವು ಮರೆಮಾಚಬೇಕಿಲ್ಲ, ಅವರೂ ಮನುಷ್ಯರೇ. ಚಾರ್ಲ್ಸರು ಅವರನ್ನು ಹುರಿದುಂಬಿಸಿದರು, ಆಲ್ಪ್ಸ್ ಕಣಿವೆಗಳಿಂದ ಗುರುಗಳನ್ನು ಕರೆಸಿದರು. ಕಪುಚಿನ್ ಸಹೋದರರು ಮುಂದೆ ಬಂದರು; ಪಾವ್ಲೋ ಬೆಲ್ಲಿಂತಾನಿ ಎಂಬ ಕಪುಚಿನ್ನರು ಲಜರೆಟ್ಟೋದ ಆಡಳಿತವನ್ನೇ ವಹಿಸಿಕೊಂಡರು. ಮಹಾಧರ್ಮಾಧ್ಯಕ್ಷರು ಸ್ವತಃ ರೋಗಿಗಳ ಬಳಿಗೆ ಹೋಗಿ ಸಂಸ್ಕಾರಗಳನ್ನು ನೀಡಿದರು.

ವ್ಯಾಪಾರ ನಿಂತು ಕೂಲಿ ಇಲ್ಲದಾದಾಗ ಹಸಿವು ಪ್ಲೇಗಿನ ಜೊತೆಗೂಡಿತು. ಅವರು ಮನೆಯ ಬೆಳ್ಳಿಯನ್ನು ಮಾರಿದರು, ಸಾಲ ಮಾಡಿದರು. ಚಳಿಗಾಲ ಸಮೀಪಿಸಿದಾಗ ಅರಮನೆಯ ಗೋಡೆಗಳನ್ನು ಅಲಂಕರಿಸಿದ್ದ ಬಣ್ಣಬಣ್ಣದ ಪರದೆಗಳನ್ನು ಇಳಿಸಿ ಬಡವರಿಗೆ ಉಡುಪು ಹೊಲಿಸಿದರು.

ಅಕ್ಟೋಬರ್ ತಿಂಗಳಲ್ಲಿ ಕೊರಳಿಗೆ ಹಗ್ಗ ಬಿಗಿದು, ಬರಿಗಾಲಿನಲ್ಲಿ ಶಿಲುಬೆ ಹೊತ್ತು ಪಶ್ಚಾತ್ತಾಪದ ಮೆರವಣಿಗೆಗಳನ್ನು ನಡೆಸಿದರು. ಜನ ಸೇರಿದರೆ ಸೋಂಕು ಹರಡೀತೆಂಬ ಭಯ ನಗರದ ಅಧಿಕಾರಿಗಳಿಗಿತ್ತು. ಪ್ಲೇಗಿನ ರೋಗಾಣು ಪತ್ತೆಯಾದದ್ದು 1894ರಲ್ಲಿ. ಇಂದಿನ ತಿಳಿವಳಿಕೆಯಿಂದ ನೋಡಿದರೆ ಆ ಭಯವನ್ನು ನಾವು ತಳ್ಳಿಹಾಕಲಾರೆವು. ಆದರೆ ಚಾರ್ಲ್ಸರು ಎಚ್ಚರಿಕೆಯನ್ನು ಅಪನಂಬಿಕೆಯೆಂದು ಭಾವಿಸಿದವರಲ್ಲ. ವಿನೆಗರ್ ಬಳಸಿ ಶುಚಿಗೊಳಿಸುತ್ತಿದ್ದರು, ಇತರರು ತಮ್ಮಿಂದ ದೂರವಿರುವಂತೆ ನೋಡಿಕೊಳ್ಳುತ್ತಿದ್ದರು.

ಕೆಲವೇ ದಿನಗಳಲ್ಲಿ ನಗರದ ಜನರೆಲ್ಲ ಮನೆಯೊಳಗೇ ಇರಬೇಕೆಂಬ ಆಜ್ಞೆ ಹೊರಟಿತು. ಜನರು ದೇವಾಲಯಕ್ಕೆ ಬರಲಾಗದಾಗ ಚಾರ್ಲ್ಸರು ದೇವಾಲಯವನ್ನೇ ಬೀದಿಗೆ ತಂದರು. ಬೀದಿಬೀದಿಗಳ ಕೂಡುದಾರಿಗಳಲ್ಲಿ ಬಲಿಪೀಠಗಳೆದ್ದವು. ಜನರು ತಮ್ಮ ಕಿಟಕಿಗಳಿಂದಲೇ ದಿವ್ಯಬಲಿಪೂಜೆಯಲ್ಲಿ ಭಾಗಿಗಳಾದರು. ಹಗಲೂ ರಾತ್ರಿಯೂ ಸೇರಿ ಏಳು ಬಾರಿ ಗಂಟೆ ಮೊಳಗುತ್ತಿತ್ತು. ಆಗ ಒಂದು ಸಾಲಿನ ಮನೆಗಳವರು ಪ್ರಾರ್ಥನೆಯನ್ನು ಆರಂಭಿಸಿದರೆ ಎದುರುಸಾಲಿನವರು ಉತ್ತರಿಸುತ್ತಿದ್ದರು. ಗುರುಗಳು ಬೀದಿಗಳಲ್ಲಿ ಸಾಗುತ್ತ ಬಾಗಿಲಲ್ಲೇ ಪಾಪನಿವೇದನೆಯನ್ನು ಆಲಿಸುತ್ತಿದ್ದರು. ಬಲಿಪೀಠಗಳಿದ್ದೆಡೆ ಮುಂದೆ ಶಿಲುಬೆಯ ಕಂಬಗಳು ನಿಂತವು. ಕೆಲವು ಇಂದಿಗೂ ಮಿಲಾನಿನಲ್ಲಿವೆ.

1578ರ ಜನವರಿಯಲ್ಲಿ ನಗರವು ರೋಗಮುಕ್ತವೆಂದು ಸಾರಲಾಯಿತು. ಅಷ್ಟರಲ್ಲಿ ಸುಮಾರು 17,000 ಮಂದಿ ಅಸುನೀಗಿದ್ದರು. ಚಾರ್ಲ್ಸರಿಗೆ ಪ್ಲೇಗು ತಗಲಲಿಲ್ಲ. ಆದರೆ ದುಡಿಮೆಯಿಂದಲೂ ಉಪವಾಸದಿಂದಲೂ ಸವೆದ ದೇಹ 1584ರ ನವೆಂಬರ್ 3ರ ರಾತ್ರಿ ಶಾಂತವಾಯಿತು. ಆಗ ಅವರ ವಯಸ್ಸು ಕೇವಲ ನಲವತ್ತಾರು. 1610ರಲ್ಲಿ ಜಗದ್ಗುರು ಐದನೆಯ ಪೌಲರು ಅವರನ್ನು ಸಂತರೆಂದು ಘೋಷಿಸಿದರು. ನವೆಂಬರ್ 4 ಅವರ ಹಬ್ಬದ ದಿನ.

ಈ ದೀಪ ಇನ್ನೊಂದು ದೀಪವನ್ನು ಹೊತ್ತಿಸಿತು. 1580ರಲ್ಲಿ ಕಾಸ್ತಿಲಿಯೋನೆಯ ಬಾಲಕನೊಬ್ಬನಿಗೆ ಚಾರ್ಲ್ಸರು ಪ್ರಥಮ ಪರಮಪ್ರಸಾದವನ್ನಿತ್ತರು. ಆತನೇ ಮುಂದೆ 1591ರಲ್ಲಿ ರೋಮಿನ ರೋಗಪೀಡಿತರ ಸೇವೆಯಲ್ಲಿ ಸೋಂಕು ತಗಲಿ, ಇಪ್ಪತ್ಮೂರರ ಹರೆಯದಲ್ಲಿ ಪ್ರಾಣವಿತ್ತ ಸಂತ ಅಲೋಶಿಯಸ್ ಗೊಂಜಾಗ. 1880ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಹೆಸರಾಂತ ಕಾಲೇಜು ಹೊತ್ತಿರುವುದು ಈ ಸಂತನ ನಾಮವನ್ನೇ.

ಪ್ರಿಯ ಭಕ್ತಾದಿಗಳೇ, ನೂರು ವರ್ಷ ನಿಂತ ಗೋಡೆಗಳ ಬಗ್ಗೆ ನಾವು ಹೆಮ್ಮೆಪಡುವುದು ಸಹಜ. ಆದರೆ ಬಾಗಿಲು ಮುಚ್ಚಿದ ದಿನ ನೆರೆಮನೆಗೆ ಅಕ್ಕಿ ತಲುಪಿತೇ, ಒಂಟಿ ರೋಗಿಯ ಬಾಗಿಲನ್ನು ಯಾರಾದರೂ ತಟ್ಟಿದರೇ, ಸತ್ತವರಿಗೆ ಗೌರವದ ಸಮಾಧಿ ದೊರೆಯಿತೇ ಎಂಬುದರಿಂದಲೇ ಧರ್ಮಕೇಂದ್ರದ ಜೀವ ತಿಳಿಯುತ್ತದೆ. ಎರಡನೆಯ ಶತಮಾನಕ್ಕೆ ಕಾಲಿಡುವ ನಮಗೆ ಸಂತ ಚಾರ್ಲ್ಸರ ಧೈರ್ಯವನ್ನೂ ಕರುಣೆಯನ್ನೂ ಪ್ರಭು ಯೇಸುಕ್ರಿಸ್ತರು ದಯಪಾಲಿಸಲೆಂದು ಬೇಡೋಣ.