ಚಿತ್ರಕಾರ ಅಂತೋನಿಯೋ ಮೊಸ್ಕೆನಿ

ನಮ್ಮ ರಾಜ್ಯದ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ವಿದ್ಯಾಸಂಸ್ಥೆ ಇದೆ. ಅಲ್ಲಿ 1884ರಲ್ಲಿ ಕಟ್ಟಿದ ಒಂದು ಪ್ರಾರ್ಥನಾ ಮಂದಿರವಿದೆ. ಒಳಗೆ ಹೋಗಿ ನೋಡಿದರೆ ಗೋಡೆ ತುಂಬ ಚಿತ್ರ, ಕತ್ತು ಎತ್ತಿ ನೋಡಿದರೆ ಮ್ಯಾಲೂ ಚಿತ್ರ. ಇವನ್ನು ಬಿಡಿಸಿದವರು ಅಂತೋನಿಯೋ ಮೊಸ್ಕೆನಿ.

ಇವರು ಇಟಲಿ ದೇಶದ ಸ್ಟೆಜಾನೋ ಎಂಬ ಊರಿನಲ್ಲಿ 1854ರಲ್ಲಿ ಜನಿಸಿದರು. ಬೆರ್ಗಮೋ ಪಟ್ಟಣದ ಚಿತ್ರಕಲಾ ಶಾಲೆಯಲ್ಲಿ ಕಲಿತರು. ಮುಂದೆ ರೋಮಿಗೆ ಹೋಗಿ ಹಳೆಯ ದೊಡ್ಡ ಚಿತ್ರಕಾರರ ಕೆಲಸ ನೋಡಿ ಅಭ್ಯಾಸ ಮಾಡಿದರು. ಹೆಸರು ಬರುತ್ತಿದ್ದ ಕಾಲದಲ್ಲೇ, 1889ರಲ್ಲಿ, ಎಲ್ಲ ಬಿಟ್ಟು ಜೆಸ್ವಿಟ್ ಸಂಘಕ್ಕೆ ಸೇರಿ ಬ್ರದರ್ ಆದರು. 1898ರಲ್ಲಿ ಸಮುದ್ರ ದಾಟಿ ಮಂಗಳೂರಿಗೆ ಬಂದರು.

ಗೋಡೆಯ ಮೇಲೆ ಅವರು ಬಿಡಿಸಿದ ರೀತಿಗೆ ಫ್ರೆಸ್ಕೋ ಎಂದು ಹೆಸರು. ಗೌಂಡಿ ಸುಣ್ಣದ ಗಿಲಾವ್ ಮಾಡಿದ ಮೇಲೆ ಅದು ಹಸಿ ಇರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಒಣಗುತ್ತಾ ಗಾಳಿ ಕುಡಿದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಬಣ್ಣ ಅದರೊಳಗೇ ಉಳಿಯುತ್ತದೆ. ಆದ್ದರಿಂದ ಒಂದು ದಿನಕ್ಕೆ ಎಷ್ಟು ಬಿಡಿಸಲು ಆಗುತ್ತದೋ ಅಷ್ಟೇ ಗಿಲಾವ್ ಮಾಡಬೇಕು. ತಪ್ಪಿದರೆ ಗಿಲಾವ್ ಕೆತ್ತಿ ತೆಗೆದು ಮತ್ತೆ ಮಾಡಬೇಕು. ನಮಗೆ ರಬ್ಬರ್ ಐತಿ, ಅಲ್ಲಿ ರಬ್ಬರ್ ನಡೆಯೋದಿಲ್ಲ! ಮೇಲಿನ ಛತ್ತಿನ ಚಿತ್ರಗಳು ಮಾತ್ರ ಬಟ್ಟೆಯ ಮೇಲೆ ಎಣ್ಣೆ ಬಣ್ಣದಿಂದ ಮಾಡಿದವು.

ಹೀಗಾಗಿ ದೊಡ್ಡ ಚಿತ್ರ ಬಿಡಿಸುವವರು ಮೊದಲು ಸಣ್ಣದೊಂದು ಬಿಡಿಸಿ ನೋಡುವುದು ಇಟಲಿಯ ಕಡೆ ಹಳೆಯ ಪದ್ಧತಿ. ಸುಮಾರು 1617ರಲ್ಲಿ ರೂಬೆನ್ಸ್ ಎಂಬ ಚಿತ್ರಕಾರ ಸಂತ ಜೇವಿಯರ್ ಅವರ ಚಿತ್ರಕ್ಕೆ ಹೀಗೇ ಮಾಡಿದ್ದರು. ಈ ಜೇವಿಯರ್ ಅವರ ಶರೀರ ನಮ್ಮ ಪಕ್ಕದ ಗೋವಾದಲ್ಲಿದೆ. ರೂಬೆನ್ಸರ ಸಣ್ಣ ಚಿತ್ರ ಮತ್ತು ಚರ್ಚಿನ ವೇದಿಕೆಯ ದೊಡ್ಡ ಚಿತ್ರ ಎರಡೂ ಈಗ ವಿಯೆನ್ನಾದ ಮ್ಯೂಸಿಯಂನಲ್ಲಿವೆ. ಎರಡನ್ನೂ ಹೋಲಿಸಿದರೆ ಚಿತ್ರಕಾರ ಎಲ್ಲಿ ಬದಲು ಮಾಡಿದನೆಂದು ತಿಳಿಯುತ್ತದೆ.

ಮಂಗಳೂರಿನ ಚಿತ್ರಗಳಲ್ಲಿ ಸಂತ ಅಲೋಶಿಯಸ್ ಅವರ ಜೀವನವಿದೆ. ಅವರು ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡಿ, ರೋಗ ತಗುಲಿ 1591ರಲ್ಲಿ ತೀರಿಕೊಂಡರು. ಆಗ ಅವರಿಗೆ ಬರೇ 23 ವರ್ಷ. ಮಕ್ಕಳ ಜೊತೆ ಯೇಸು ಇರುವ ಚಿತ್ರವೂ ಅಲ್ಲಿದೆ. ಇಷ್ಟೆಲ್ಲ ಕೆಲಸವನ್ನು ಮೊಸ್ಕೆನಿ ಸುಮಾರು ಎರಡೂವರೆ ವರ್ಷದಲ್ಲಿ ಮುಗಿಸಿದರು.

ಆಮೇಲೆ ಅವರು ಕೇರಳದ ಕೊಚ್ಚಿಗೆ ಹೋಗಿ ಸಾಂತಾ ಕ್ರೂಜ್ ಚರ್ಚಿನಲ್ಲಿ ಚಿತ್ರ ಬಿಡಿಸಿದರು. 1905ರ ನವೆಂಬರ್ 19ರಂದು ಆ ಚರ್ಚಿನ ಪ್ರತಿಷ್ಠೆ ಇತ್ತು. ಅದಕ್ಕೆ ನಾಲ್ಕೇ ದಿನ ಮೊದಲು, ನವೆಂಬರ್ 15ರಂದು ಮೊಸ್ಕೆನಿ ತೀರಿಕೊಂಡರು. ಆಗ ಅವರಿಗೆ 51 ವರ್ಷ. ತಾವು ಬಣ್ಣ ತುಂಬಿದ ಚರ್ಚಿನಲ್ಲಿ ಮೊದಲ ಪೂಜೆ ನೋಡಲು ಅವರಿಗೆ ಆಗಲಿಲ್ಲ.

ಮಂಗಳೂರಿನ ಚಿತ್ರಗಳು ಹಾಳಾಗತೊಡಗಿದಾಗ 1990ರ ದಶಕದಲ್ಲಿ ತಜ್ಞರು ಬಂದು ಅವನ್ನು ಸರಿ ಮಾಡಿದರು. ಈಗಲೂ ಬ್ಯಾರೆ ಬ್ಯಾರೆ ಊರಿನ ಜನ ಹೋಗಿ ನೋಡುತ್ತಾರೆ.

ಗೆಳೆಯರೇ, ಚಿತ್ರಕಲೆ ಎಂದರೆ ಹೊತ್ತು ಕಳೆಯುವ ಆಟ ಎಂದು ಕೆಲವರು ತಿಳಿದಿದ್ದಾರೆ. ಮೊಸ್ಕೆನಿ ಅದಕ್ಕಾಗಿ ತಮ್ಮ ಊರು ಬಿಟ್ಟು ಬಂದರು, ಹಸಿ ಗೋಡೆಯ ಮುಂದೆ ದಿನಗಟ್ಟಲೆ ನಿಂತರು. ನಾವು ಯಾವ ಕೆಲಸ ಮಾಡಿದರೂ ಮೊದಲು ಸಣ್ಣದಾಗಿ ಮಾಡಿ ನೋಡಿ, ಆಮೇಲೆ ದೊಡ್ಡದಕ್ಕೆ ಕೈ ಹಾಕೋಣ.

— 7ನೇ ತರಗತಿ ವಿದ್ಯಾರ್ಥಿ