ಮಮ್ಮಿ ಜೊತೆ ಬಂದ ಸುರುಳಿಯಲ್ಲಿ ಅಬ್ರಹಾಮನ ಕೈಬರಹ ಇತ್ತೇ? ಜೋಸೆಫ್ ಸ್ಮಿತ್ ಕಥೆ

ಈಜಿಪ್ಟ್‌ನ ಹಳೇ ಪಪೈರಸ್ ಸುರುಳಿಯೊಂದರಲ್ಲಿ ಬೈಬಲ್‌ನ ಅಬ್ರಹಾಮ ಸ್ವತಃ ಬರೆದದ್ದು ಸಿಕ್ಕಿದೆ ಎಂಬ ಮಾತು ನಿಮ್ಮ ಮೊಬೈಲ್‌ಗೂ ಬಂದರೆ, ಮುಂದೆ ಕಳಿಸುವ ಮೊದಲು ಈ ಮನುಷ್ಯನ ಬಗ್ಗೆ ತಿಳಿದುಕೊಳ್ಳೋಣ.

ಜೋಸೆಫ್ ಸ್ಮಿತ್ ಹುಟ್ಟಿದ್ದು 1805ರಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದ ಬಡ ರೈತ ಕುಟುಂಬದಲ್ಲಿ. ಶಾಲೆ ಕಲಿತದ್ದು ಅಷ್ಟಕ್ಕಷ್ಟೇ. ಬೆಳೆ ಕೈಕೊಟ್ಟಾಗ ಮನೆಯವರು ನ್ಯೂಯಾರ್ಕ್ ರಾಜ್ಯಕ್ಕೆ ಹೊರಟರು. ಅಲ್ಲಿ ಯುವಕ ಜೋಸೆಫ್, ಟೋಪಿಯೊಳಗೆ ಕಲ್ಲೊಂದನ್ನು ಇಟ್ಟು ನೋಡಿ ಹೂತಿಟ್ಟ ನಿಧಿ ಹುಡುಕುವ ಕೆಲಸಕ್ಕೂ ಹೋಗುತ್ತಿದ್ದರು. (ನಿಧಿ ಆಸೆ ನಮ್ಮೂರಿನದ್ದು ಮಾತ್ರ ಅಲ್ಲ ನೋಡಿ!)

1830ರಲ್ಲಿ ಅವರು ಮಾರ್ಮನ್ ಗ್ರಂಥ ಪ್ರಕಟಿಸಿದರು. ಅದರ ಮೂಲ ಚಿನ್ನದ ತಗಡುಗಳ ಮೇಲೆ, ಈಜಿಪ್ಟ್ ಲಿಪಿಯ ಮಾರ್ಪಟ್ಟ ರೂಪದಲ್ಲಿತ್ತು, ದೇವರ ಶಕ್ತಿಯಿಂದ ಅನುವಾದಿಸಿದೆ ಎಂದರು. ತಗಡು ನೋಡಿದ್ದೇವೆ ಎಂದು 11 ಮಂದಿ ಸಾಕ್ಷಿ ಹೇಳಿದ್ದು ಗ್ರಂಥದಲ್ಲೇ ಇದೆ. ಆದರೆ ತಗಡುಗಳನ್ನು ದೇವದೂತನಿಗೆ ಹಿಂತಿರುಗಿಸಿದ್ದಾಯಿತು ಎಂದರು. ಹಾಗಾಗಿ ತಾಳೆ ನೋಡಲು ಮೂಲವೇ ಇಲ್ಲ.

1835ರ ವಿಷಯ ಹಾಗಲ್ಲ. ಆಗ ಸ್ಮಿತ್ ಒಹಾಯೊ ರಾಜ್ಯದ ಕರ್ಟ್‌ಲ್ಯಾಂಡ್‌ನಲ್ಲಿದ್ದರು. ಮೈಕೆಲ್ ಚಾಂಡ್ಲರ್ ಎಂಬಾತ ಈಜಿಪ್ಟ್ ಮಮ್ಮಿಗಳನ್ನು ಊರೂರು ತೋರಿಸುತ್ತಾ ಅಲ್ಲಿಗೆ ಬಂದ. ಸ್ಮಿತ್ ಮತ್ತು ಅನುಯಾಯಿಗಳು 2,400 ಡಾಲರ್ ಕೊಟ್ಟು ನಾಲ್ಕು ಮಮ್ಮಿ, ಜೊತೆಗಿದ್ದ ಸುರುಳಿಗಳನ್ನು ಕೊಂಡರು. ಫ್ರಾನ್ಸಿನ ಶಾಂಪೋಲಿಯೋನ್ ಈಜಿಪ್ಟ್ ಚಿತ್ರಲಿಪಿಯ ಗುಟ್ಟು ಬಿಡಿಸಿ ಆಗಿನ್ನೂ 13 ವರ್ಷ. ಅಮೆರಿಕದಲ್ಲಿ ಆ ವಿದ್ಯೆ ಇನ್ನೂ ತಲುಪಿರಲಿಲ್ಲ. ಒಂದು ಸುರುಳಿ ಅಬ್ರಹಾಮನದು ಎಂದ ಸ್ಮಿತ್, 1842ರಲ್ಲಿ ಮೂರು ಚಿತ್ರಗಳ ಸಮೇತ ಅಬ್ರಹಾಮನ ಗ್ರಂಥವನ್ನು ಅಚ್ಚು ಹಾಕಿಸಿದರು.

ಎರಡೇ ವರ್ಷ. ಇಲಿನಾಯ್ ರಾಜ್ಯದ ನಾವೂ ಪಟ್ಟಣದ ಮೇಯರ್ ಆಗಿದ್ದ ಅವರು ಅಮೆರಿಕದ ಅಧ್ಯಕ್ಷ ಸ್ಥಾನಕ್ಕೂ ನಿಂತಿದ್ದರು. ತಮ್ಮನ್ನು ಟೀಕಿಸಿದ ಪತ್ರಿಕೆಯ ಮುದ್ರಣಯಂತ್ರ ಒಡೆಸಿದ ಪ್ರಕರಣ ಜೈಲಿಗೆ ಕೊಂಡೊಯ್ದಿತು. 1844ರ ಜೂನ್ 27ರಂದು ಜೈಲಿಗೆ ನುಗ್ಗಿದ ಗುಂಪು ಗುಂಡಿಕ್ಕಿ ಕೊಂದಿತು. ವಯಸ್ಸು 38.

ಸುರುಳಿಗಳು 1871ರ ಷಿಕಾಗೊ ಬೆಂಕಿಯಲ್ಲಿ ಸುಟ್ಟುಹೋದವು ಎಂದೇ ಎಲ್ಲರೂ ನಂಬಿದ್ದರು. ಆದರೆ ಕೆಲವು ತುಣುಕುಗಳು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಸಿಕ್ಕವು. 1967ರಲ್ಲಿ ಅವು ಮಾರ್ಮನ್ ಚರ್ಚ್ ಕೈಸೇರಿದವು. ಚರ್ಚ್ ಮುಚ್ಚಿಟ್ಟಿತು ಎಂಬ ಮಾತೂ ಓಡಾಡುತ್ತದೆ, ಅದು ಸರಿಯಲ್ಲ. ಮರುವರ್ಷವೇ ತನ್ನ ಪತ್ರಿಕೆಯಲ್ಲಿ ಫೋಟೋ ಹಾಕಿತು.

ಈಗ ಓದಬಲ್ಲವರಿದ್ದರು. ಒಂದು ಸುರುಳಿ ಹೋರ್ ಎಂಬ ಪುರೋಹಿತನ ಶವದೊಂದಿಗೆ ಇಡಲು ಬರೆಸಿದ್ದು. ಸತ್ತವನು ಪರಲೋಕದಲ್ಲಿ ಉಸಿರಾಡಲಿ ಎನ್ನುವ ಮಂತ್ರಗಳು. ಕಾಲ ಕ್ರಿಸ್ತಪೂರ್ವ 3ರಿಂದ 1ನೇ ಶತಮಾನದ ನಡುವೆ, ಅಂದರೆ ಅಬ್ರಹಾಮ ಬದುಕಿದ್ದ ಎನ್ನಲಾಗುವ ಕಾಲಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಈಚೆಗೆ. ಅಬ್ರಹಾಮನನ್ನು ಬಲಿ ಕೊಡುತ್ತಿದ್ದಾರೆ ಎಂದು ಸ್ಮಿತ್ ವಿವರಿಸಿದ ಚಿತ್ರ, ವಿದ್ವಾಂಸರ ಪ್ರಕಾರ ಮಂಚದ ಮೇಲಿನ ಒಸಿರಿಸ್ ಮತ್ತು ನರಿತಲೆಯ ದೇವತೆ ಅನುಬಿಸ್‌ನದು. ಆ ತಲೆ ಇರಬೇಕಾದ ಜಾಗದಲ್ಲೇ ಪಪೈರಸ್ ಹರಿದಿದೆ. 1842ರ ಅಚ್ಚಿನಲ್ಲಿ ಅಲ್ಲಿ ಮನುಷ್ಯನ ತಲೆ!

ನಂಬುವ ವಿದ್ವಾಂಸರಲ್ಲಿ ಕೆಲವರು, ಅಬ್ರಹಾಮನ ಭಾಗ ಕಳೆದುಹೋದ ಉದ್ದನೆಯ ತುಂಡಿನಲ್ಲಿತ್ತು ಎನ್ನುತ್ತಾರೆ. ಇದನ್ನು ಅಳೆಯಬಹುದು. ಸುರುಳಿ ಒಳಗೆ ಹೋದಂತೆ ಪ್ರತಿ ಸುತ್ತೂ ಚಿಕ್ಕದಾಗುತ್ತದೆ, ಒಂದೇ ಹಾನಿ ಸುತ್ತುಸುತ್ತಿಗೂ ಮರುಕಳಿಸುತ್ತದೆ. ಆ ಅಂತರ ಅಳೆದು 2010ರಲ್ಲಿ ಇಬ್ಬರು ಸಂಶೋಧಕರು ಲೆಕ್ಕ ಹಾಕಿದರೆ, ಒಳಗೆ ಕಳೆದಿರುವುದು ಹೆಚ್ಚೆಂದರೆ 56 ಸೆಂಟಿಮೀಟರ್. ಇಡೀ ಗ್ರಂಥಕ್ಕೆ ಅದು ಸಾಲದು ಎಂದೇ ನಮಗೂ ಅನ್ನಿಸುತ್ತದೆ.

ಉಳಿದ ತುಣುಕುಗಳ ಅಕ್ಷರಗಳು ಅಬ್ರಹಾಮನ ಗ್ರಂಥಕ್ಕೆ ಹೊಂದುವುದಿಲ್ಲ ಎಂದು ಚರ್ಚ್ ಕೂಡ 2014ರಲ್ಲಿ ಒಪ್ಪಿದೆ. ಸುರುಳಿ ನೋಡಿದ್ದು ದೈವಪ್ರೇರಣೆಗೆ ನೆಪವಾಗಿರಬಹುದು ಎಂಬುದು ಅದು ಮುಂದಿಡುವ ಇನ್ನೊಂದು ಸಾಧ್ಯತೆ. ಇದನ್ನು ಅಳೆಯಲು ಯಾವ ಟೇಪೂ ಇಲ್ಲ. ಗ್ರಂಥ ಇಂದಿಗೂ ಅವರ ಪವಿತ್ರ ಗ್ರಂಥಗಳಲ್ಲಿ ಒಂದು.