ಮುಟ್ಟದೆ ನುಡಿಸಿದವರು: ಲೆವ್ ಟೆರ್ಮೆನ್

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಸರ್ ಸಿ.ವಿ. ರಾಮನ್ ಅವರ ಹೆಸರನ್ನೇ ನಿರೀಕ್ಷಿಸಿದ್ದರೆಂದು ತೋರುತ್ತದೆ. ರಾಮನ್ ಅವರ ಬಗ್ಗೆ ಬರೆಯಲು ನನಗಿಂತ ಬಲ್ಲವರಿದ್ದಾರೆ. ಈ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ವಿಜ್ಞಾನ ಪಾಠ ಮಾಡಿದ ನಾನು, ಶಬ್ದದ ಅಧ್ಯಾಯ ಬಂದಾಗಲೆಲ್ಲ ಮಕ್ಕಳಿಗೆ ಹೇಳುತ್ತಿದ್ದ ಇನ್ನೊಬ್ಬರ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರು ರಷ್ಯಾದ ಲೆವ್ ಸೆರ್ಗೆಯೆವಿಚ್ ಟೆರ್ಮೆನ್. ಪಶ್ಚಿಮ ದೇಶಗಳಲ್ಲಿ ಲಿಯೋನ್ ಥೆರೆಮಿನ್ ಎಂದರೆ ಬೇಗ ಗೊತ್ತಾಗುತ್ತದೆ. ಸಿನಿಮಾ ಹಾಡಿನಿಂದ ಹಿಡಿದು ನಮ್ಮೂರ ಗಣೇಶೋತ್ಸವದ ಆರ್ಕೆಸ್ಟ್ರಾದವರೆಗೆ ಇಂದು ಕೇಳಿಬರುವ ಸಿಂಥಸೈಜರುಗಳ ವಂಶಾವಳಿಯನ್ನು ಹಿಂದಕ್ಕೆ ಹುಡುಕುತ್ತ ಹೋದರೆ ಅವರ ಹೆಸರು ಸಿಗುತ್ತದೆ.

ಟೆರ್ಮೆನ್ 1896ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದರು. ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನವನ್ನೂ ಸಂಗೀತ ಶಾಲೆಯಲ್ಲಿ ಚೆಲ್ಲೊ ವಾದನವನ್ನೂ ಕಲಿತರು. ಚೆಲ್ಲೊ ಎಂದರೆ ಪಿಟೀಲಿನ ಜಾತಿಯದೇ, ಕುಳಿತು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ವಾದ್ಯ. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯದ ರೇಡಿಯೊ ಕೆಲಸ ಮಾಡಿ, ಕ್ರಾಂತಿಯ ನಂತರ ಅಬ್ರಾಮ್ ಇಯೊಫೆ ಅವರ ಪ್ರಯೋಗಾಲಯ ಸೇರಿದರು. 1920ರಲ್ಲಿ ಅಲ್ಲಿ ಅನಿಲಗಳ ವಿದ್ಯುತ್ ಗುಣವನ್ನು ಅಳೆಯುವ ಸಾಧನವೊಂದನ್ನು ಕಟ್ಟುತ್ತಿದ್ದರು. ಅದಕ್ಕೆ ಜೋಡಿಸಿದ್ದ ಹೆಡ್‌ಫೋನಿನಲ್ಲಿ ಕೇಳುತ್ತಿದ್ದ ಸಿಳ್ಳೆ, ತಮ್ಮ ಕೈ ಹತ್ತಿರ ಬಂದರೆ ಏರುವುದನ್ನೂ ದೂರ ಸರಿದರೆ ಇಳಿಯುವುದನ್ನೂ ಗಮನಿಸಿದರು. ಬೇರೆ ಯಾರಾದರೂ ಆಗಿದ್ದರೆ ಇದೊಂದು ತೊಂದರೆಯೆಂದು ಪೆಟ್ಟಿಗೆಗೆ ತಗಡು ಹೊದಿಸುತ್ತಿದ್ದರು. ಚೆಲ್ಲೊ ಕಲಿತ ಇವರಿಗೆ ಅದು ಸ್ವರವಾಗಿ ಕೇಳಿಸಿತು.

ಈ ವಾದ್ಯ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಮೇಷ್ಟರ ಅಭ್ಯಾಸ ಬಿಡುವುದಿಲ್ಲ. ಒಂದೇ ಶ್ರುತಿಯ ಎರಡು ಟ್ಯೂನಿಂಗ್ ಫೋರ್ಕುಗಳಲ್ಲಿ ಒಂದಕ್ಕೆ ಚೂರು ಮೇಣ ಅಂಟಿಸಿ ಎರಡನ್ನೂ ಒಟ್ಟಿಗೆ ಬಾರಿಸಿದರೆ ಶಬ್ದ ಏರಿಳಿಯುತ್ತ ಅಲೆಅಲೆಯಾಗಿ ಕೇಳುತ್ತದೆ. ಇದನ್ನೇ ವಿಸ್ಪಂದ ಎನ್ನುತ್ತೇವೆ. ತಂಬೂರಿ ಶ್ರುತಿ ಮಾಡುವವರ ಕಿವಿ ಹುಡುಕುವುದೂ ಈ ಅಲೆಯನ್ನೇ. ಟೆರ್ಮೆನ್ ಅವರ ಪೆಟ್ಟಿಗೆಯಲ್ಲಿ ಫೋರ್ಕುಗಳ ಬದಲು ಎರಡು ರೇಡಿಯೊ ಆಂದೋಲಕಗಳಿವೆ. ಎರಡೂ ನಮ್ಮ ಕಿವಿಗೆ ನಿಲುಕದಷ್ಟು ವೇಗದಲ್ಲಿ ಕಂಪಿಸುತ್ತವೆ. ಒಂದು ಸೆಕೆಂಡಿಗೆ 1,70,000 ಸಲ, ಇನ್ನೊಂದು 1,70,440 ಸಲ ಕಂಪಿಸಿತೆನ್ನೋಣ. ಆಗ ಅವುಗಳ ವ್ಯತ್ಯಾಸವಾದ 440 ಕಂಪನದ ಸ್ವರ ಧ್ವನಿವರ್ಧಕದಲ್ಲಿ ಕೇಳುತ್ತದೆ. ಪೆಟ್ಟಿಗೆಯಿಂದ ಒಂದು ಲೋಹದ ಕಂಬಿ ನೆಟ್ಟಗೆ ಎದ್ದಿರುತ್ತದೆ. ಆ ಕಂಬಿಯೂ ನಮ್ಮ ಕೈಯೂ ಸೇರಿ ಒಂದು ಸಣ್ಣ ಕೆಪಾಸಿಟರ್ ಆಗುತ್ತದೆ. ಕೈ ಸರಿದಂತೆ ಒಂದು ಆಂದೋಲಕದ ವೇಗ ಬದಲಾಗಿ ಸ್ವರ ಏರುತ್ತದೆ, ಇಳಿಯುತ್ತದೆ. ಪಕ್ಕಕ್ಕೆ ಚಾಚಿದ ಇನ್ನೊಂದು ಬಳೆಯಾಕಾರದ ಕಂಬಿಯ ಮೇಲೆ ಎಡಗೈ ಆಡಿಸಿದರೆ ಶಬ್ದ ಜೋರಾಗುತ್ತದೆ, ಮೆಲ್ಲಗಾಗುತ್ತದೆ. ಮುಟ್ಟುವುದು ಏನೂ ಇಲ್ಲ.

ವೀಣೆಗೆ ಮೆಟ್ಟುಗಳಿವೆ, ಪಿಟೀಲಿಗೆ ಬೆರಳೂರಲು ತಂತಿಯಾದರೂ ಇದೆ. ಥೆರೆಮಿನ್ ನುಡಿಸುವವರ ಬೆರಳಿಗೆ ಬರೀ ಗಾಳಿ. ಷಡ್ಜ ಎಲ್ಲಿದೆ ಎಂದು ಕಿವಿಯೇ ಹೇಳಬೇಕು. ನಿಂತಲ್ಲೇ ಮೈ ಸ್ವಲ್ಪ ಓಲಾಡಿದರೂ ಶ್ರುತಿ ಕೆಡುತ್ತದೆ. ಹಾರ್ಮೋನಿಯಂನಲ್ಲಿ ಬರದ ಜಾರು, ಕಂಪಿತಗಳೆಲ್ಲ ಇದರಲ್ಲಿ ಸಲೀಸಾಗಿ ಬರುತ್ತವೆ. ಜಾರದೆ ಒಂದೇ ಕಡೆ ನಿಲ್ಲಿಸುವುದೇ ಕಷ್ಟ.

1922ರಲ್ಲಿ ಟೆರ್ಮೆನ್ ಅವರನ್ನು ಕ್ರೆಮ್ಲಿನ್‌ಗೆ ಕರೆಸಿ ಲೆನಿನ್ ಈ ವಾದ್ಯವನ್ನು ಕೇಳಿದರು. ಟೆರ್ಮೆನ್ ಮುಂದೆ ಹೇಳಿಕೊಂಡ ಪ್ರಕಾರ ಲೆನಿನ್ ತಾವೂ ಕೈಯಾಡಿಸಿ ನೋಡಿದರಂತೆ, ಕಿವಿ ಚೆನ್ನಾಗಿತ್ತಂತೆ. ಹೊಸ ಸರ್ಕಾರ ದೇಶಕ್ಕೆಲ್ಲ ವಿದ್ಯುತ್ ಕೊಡುವ ಮಾತನಾಡುತ್ತಿದ್ದ ಕಾಲ. ವಿದ್ಯುತ್ತೇ ಹಾಡುವ ಪೆಟ್ಟಿಗೆ ಅದಕ್ಕೆ ಹೇಳಿ ಮಾಡಿಸಿದ ಪ್ರಚಾರವಾಯಿತು. ರಷ್ಯಾದ ಊರೂರುಗಳಲ್ಲಿ ಪ್ರದರ್ಶನಗಳಾದವು. 1927ರಲ್ಲಿ ಜರ್ಮನಿ, ಫ್ರಾನ್ಸ್, ಇಂಗ್ಲೆಂಡುಗಳಲ್ಲಿ ನುಡಿಸಿ ವರ್ಷದ ಕೊನೆಗೆ ನ್ಯೂಯಾರ್ಕ್ ತಲುಪಿದರು. 1928ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಆರ್‌ಸಿಎ ಕಂಪನಿ 1929ರಲ್ಲಿ ಸುಮಾರು 500 ವಾದ್ಯಗಳನ್ನು ತಯಾರಿಸಿ, ಗುನುಗಲು ಬಲ್ಲವರೆಲ್ಲ ಇದನ್ನು ನುಡಿಸಬಹುದೆಂಬ ಅರ್ಥದಲ್ಲಿ ಜಾಹೀರಾತು ಕೊಟ್ಟಿತು. ಕೊಂಡವರಿಗೆ ಮೊದಲ ದಿನವೇ ಸತ್ಯ ಗೊತ್ತಾಗಿರಬೇಕು! ಅದೇ ವರ್ಷ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿಯಿತು. ವಾದ್ಯದ ವ್ಯಾಪಾರ ಅಲ್ಲಿಗೆ ನಿಂತಿತು.

ಆದರೆ ನಿಜವಾಗಿ ನುಡಿಸಬಲ್ಲವರೊಬ್ಬರು ಸಿಕ್ಕಿದರು. ಕ್ಲಾರಾ ರಾಕ್‌ಮೋರ್ ಬಾಲ್ಯದಲ್ಲಿಯೇ ಪಿಟೀಲಿನಲ್ಲಿ ಹೆಸರು ಮಾಡಿದ್ದವರು. ಕೈಯ ತೊಂದರೆಯಿಂದ ಕಮಾನು ಹಿಡಿಯಲಾಗದೆ ಪಿಟೀಲನ್ನು ಬಿಡಬೇಕಾಯಿತು. ಮುಟ್ಟುವ ಅಗತ್ಯವೇ ಇಲ್ಲದ ವಾದ್ಯ ಅವರಿಗೆ ಎರಡನೆಯ ಜನ್ಮ ಕೊಟ್ಟಿತೆಂದರೆ ತಪ್ಪಲ್ಲ. ಅವರು ಗಾಳಿಯಲ್ಲಿ ಬೆರಳು ಮಡಿಸಿ ಬಿಡಿಸಿ ಸ್ವರ ಹಿಡಿಯುವ ಪದ್ಧತಿಯನ್ನೇ ಕಂಡುಕೊಂಡರು. ಟೆರ್ಮೆನ್ ಅವರಿಗೆಂದೇ ಐದು ಸ್ಥಾಯಿಗಳ ವಾದ್ಯವನ್ನು ಕಟ್ಟಿಕೊಟ್ಟರು. ಮದುವೆಯ ಮಾತನ್ನೂ ಆಡಿದರು. ಆಕೆ ವಕೀಲರೊಬ್ಬರನ್ನು ಮದುವೆಯಾದರು. ಟೆರ್ಮೆನ್ ಮುಂದೆ ಲಾವೀನಿಯಾ ವಿಲಿಯಮ್ಸ್ ಎಂಬ ಕಪ್ಪು ಜನಾಂಗದ ನರ್ತಕಿಯನ್ನು ವಿವಾಹವಾದರು. ಆಗಿನ ಅಮೆರಿಕದಲ್ಲಿ ಆ ಕಾರಣಕ್ಕೇ ಹಲವು ಮನೆಗಳ ಬಾಗಿಲು ಅವರಿಗೆ ಮುಚ್ಚಿದವು.

1938ರಲ್ಲಿ ಟೆರ್ಮೆನ್ ಒಂದು ರಷ್ಯನ್ ಹಡಗು ಹತ್ತಿ ಹೊರಟುಹೋದರು. ಹೆಂಡತಿ ಜೊತೆಗೆ ಹೋಗಲಿಲ್ಲ, ಮತ್ತೆಂದೂ ಅವರು ಭೇಟಿಯಾಗಲಿಲ್ಲ. ಬಲವಂತದಿಂದ ಒಯ್ದರೆಂದು ಅಮೆರಿಕದ ಸ್ನೇಹಿತರು ನಂಬಿದ್ದರು. ಸ್ವಂತ ಇಚ್ಛೆಯಿಂದ ಹೋದುದಾಗಿ ಮುಪ್ಪಿನಲ್ಲಿ ಅವರೇ ತಿಳಿಸಿದರು. ಅಮೆರಿಕದಲ್ಲಿದ್ದಷ್ಟು ಕಾಲ ತಮ್ಮ ದೇಶದ ಗುಪ್ತಚರರಿಗೆ ಮಾಹಿತಿ ಕೊಡುತ್ತಿದ್ದುದನ್ನೂ ಒಪ್ಪಿಕೊಂಡರು. ಸಾಲವೂ ಬಹಳವಾಗಿತ್ತು. ಕಾರಣ ಏನೇ ಇರಲಿ, ಹೋದದ್ದು ಸ್ಟಾಲಿನ್ನರ ಬಂಧನಗಳ ಕಾಲದ ರಷ್ಯಾಕ್ಕೆ. 1939ರ ಮಾರ್ಚಿಯಲ್ಲಿ ಅವರನ್ನು ಬಂಧಿಸಿದರು. ಎಂಟು ವರ್ಷದ ಶಿಕ್ಷೆ ವಿಧಿಸಿ, ಚಳಿಗೆ ಕೈದಿಗಳು ಹುಳುಗಳಂತೆ ಸಾಯುತ್ತಿದ್ದ ಕೊಲಿಮಾ ಪ್ರದೇಶದ ಶಿಬಿರಕ್ಕೆ ಕಳಿಸಿದರು. ಕೆಲಕಾಲದ ನಂತರ ಕೈದಿ ವಿಜ್ಞಾನಿಗಳಿಂದ ಕೆಲಸ ತೆಗೆಯುವ ಸೆರೆಮನೆ ಪ್ರಯೋಗಾಲಯಕ್ಕೆ ಸಾಗಿಸಿದರು. ವಿಮಾನ ತಜ್ಞ ತುಪೊಲೆವ್, ಮುಂದೆ ಸ್ಪುಟ್ನಿಕ್ ಹಾರಿಸಿದ ಕೊರೊಲೆವ್ ಅವರೂ ಅಂಥಲ್ಲೇ ಇದ್ದ ಕೈದಿಗಳು. ಹೊರಗಿನ ಜಗತ್ತು ಟೆರ್ಮೆನ್ ಸತ್ತರೆಂದೇ ತಿಳಿಯಿತು.

ಇಲ್ಲಿಂದ ಮುಂದಿನ ಭಾಗವನ್ನು ಹೇಳುವಾಗ ತರಗತಿ ತಾನಾಗಿಯೇ ನಿಶ್ಶಬ್ದವಾಗುತ್ತಿತ್ತು. 1945ರ ಆಗಸ್ಟ್‌ನಲ್ಲಿ ರಷ್ಯಾದ ಶಾಲಾ ಮಕ್ಕಳು ಮಾಸ್ಕೋದ ಅಮೆರಿಕನ್ ರಾಯಭಾರಿ ಹ್ಯಾರಿಮನ್ ಅವರಿಗೆ ಸ್ನೇಹದ ಗುರುತಾಗಿ, ಅಮೆರಿಕದ ರಾಷ್ಟ್ರಲಾಂಛನವನ್ನು ಕೆತ್ತಿದ ಮರದ ಫಲಕವೊಂದನ್ನು ಉಡುಗೊರೆ ಕೊಟ್ಟರು. ರಾಯಭಾರಿಯ ನಿವಾಸದಲ್ಲಿ ಅದನ್ನು ಗೋಡೆಗೆ ತೂಗುಹಾಕಿದರು. ಅದರೊಳಗೆ ಟೆರ್ಮೆನ್ ರಚಿಸಿದ ಸಣ್ಣ ಲೋಹದ ಡಬ್ಬಿಯೊಂದಿತ್ತು. ಬ್ಯಾಟರಿಯಿಲ್ಲ, ತಂತಿ ಸಂಪರ್ಕವಿಲ್ಲ. ಹೊರಗಿನಿಂದ ರೇಡಿಯೊ ಅಲೆ ಬಿಟ್ಟಾಗ ಮಾತ್ರ ಅದು ಎಚ್ಚರಗೊಂಡು, ಕೋಣೆಯ ಮಾತಿಗೆ ಅದುರುವ ತೆಳು ಪೊರೆಯ ಮೂಲಕ ಆ ಮಾತನ್ನು ಅಲೆಯ ಮೇಲೇರಿಸಿ ಹಿಂದಕ್ಕೆ ಕಳಿಸುತ್ತಿತ್ತು. ಏಳು ವರ್ಷ, ಅಂದರೆ 1952ರವರೆಗೆ, ಅದು ಯಾರ ಕಣ್ಣಿಗೂ ಬೀಳಲಿಲ್ಲ. ಟೆರ್ಮೆನ್ ಅವರಿಗೆ 1947ರಲ್ಲಿ ಬಿಡುಗಡೆಯಾಯಿತು. ಕದ್ದಾಲಿಸುವ ಸಾಧನಗಳ ಕೆಲಸಕ್ಕಾಗಿ ಸ್ಟಾಲಿನ್ ಪ್ರಶಸ್ತಿಯೂ ಬಂತು. ಬಿಡುಗಡೆಯಾದ ಮೇಲೂ ಅವರು ಅದೇ ಇಲಾಖೆಯಲ್ಲಿ ದುಡಿದರು.

ಸರ್, ಅವರು ಒಳ್ಳೆಯವರೋ ಕೆಟ್ಟವರೋ ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಿದ್ದರು. ಸೆರೆಯಲ್ಲಿದ್ದವನಿಗೆ ಒಲ್ಲೆನೆನ್ನುವ ಅವಕಾಶ ಎಷ್ಟಿತ್ತು ಎಂದು ನಾನು ತಿರುಗಿ ಕೇಳುತ್ತಿದ್ದೆ. ಆದರೂ ಮಕ್ಕಳ ಕೈಯಲ್ಲಿ ಆ ಫಲಕವನ್ನು ಕೊಡಿಸಿದ್ದು ಮಾತ್ರ ನನ್ನ ಮನಸ್ಸಿಗೆ ಇಂದಿಗೂ ಒಗ್ಗಿಲ್ಲ. ಅದು ಯಾರ ಯೋಚನೆಯೋ, ಮಕ್ಕಳದಂತೂ ಅಲ್ಲ.

ಹೆತ್ತವರು ಸೆರೆಯಲ್ಲಿದ್ದಾಗ ವಾದ್ಯವನ್ನು ಸಾಕಿದವರು ಹವ್ಯಾಸಿಗಳು. ಹಾಲಿವುಡ್‌ನಲ್ಲಿ ಸ್ಯಾಮ್ಯುಯೆಲ್ ಹಾಫ್‌ಮನ್ ಎಂಬ ಪಾದಗಳ ವೈದ್ಯರು ಸಂಜೆಯ ಹೊತ್ತು ಥೆರೆಮಿನ್ ನುಡಿಸುತ್ತಿದ್ದರು. 1945ರ ‘ಸ್ಪೆಲ್‌ಬೌಂಡ್’ ಚಿತ್ರದಲ್ಲಿ ಮನಸ್ಸಿನ ಕಳವಳಕ್ಕೆ ಹಿನ್ನೆಲೆಯಾಗಿ ಬರುವ ನಡುಗುವ ದನಿ ಅವರದೇ. ನ್ಯೂಯಾರ್ಕಿನಲ್ಲಿ 1934ರಲ್ಲಿ ಹುಟ್ಟಿದ ರಾಬರ್ಟ್ ಮೋಗ್ ನಮ್ಮ ಒಂಬತ್ತನೆಯ ತರಗತಿಯ ಮಕ್ಕಳ ವಯಸ್ಸಿನಲ್ಲಿ, ಪತ್ರಿಕೆಯಲ್ಲಿ ಬಂದ ನಕ್ಷೆ ನೋಡಿ ಒಂದು ಥೆರೆಮಿನ್ ಬೆಸುಗೆ ಹಾಕಿದರು. (ಕಾಗುಣಿತ ನೋಡಿ ಎಲ್ಲರೂ ಮೂಗ್ ಎನ್ನುತ್ತಾರೆ, ಆ ಮನೆಯವರು ಹೇಳಿಕೊಳ್ಳುವುದು ಮೋಗ್ ಎಂದು.) ಮುಂದೆ ತಂದೆಯ ಜೊತೆ ಸೇರಿ ವಾದ್ಯಗಳನ್ನು ಮಾರಿದರು. 1961ರ ಹೊತ್ತಿಗೆ ಮನೆಯಲ್ಲೇ ಜೋಡಿಸಿಕೊಳ್ಳುವ ಥೆರೆಮಿನ್ ಕಿಟ್‌ಗಳನ್ನೂ ಮಾರಿದರು. ಆಂದೋಲಕಗಳ ಆ ಅನುಭವದಿಂದಲೇ 1964ರಲ್ಲಿ ಅವರ ಸಿಂಥಸೈಜರ್ ಹುಟ್ಟಿತು. ಅಂಥದೊಂದು ಮೋಗ್ ಯಂತ್ರ 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂದಿತ್ತು. ಡೇವಿಡ್ ಟ್ಯೂಡರ್ ಎಂಬ ಸಂಗೀತಗಾರರು ಅದನ್ನು ಅಲ್ಲಿ ಸ್ಥಾಪಿಸಿದರು. 1929ರ ಆರ್‌ಸಿಎ ವಾದ್ಯಗಳಲ್ಲಿ ಉಳಿದಿರುವುದು ಎಲ್ಲೆಲ್ಲಿದೆ ಎಂದು ಕ್ರಮಸಂಖ್ಯೆ ಸಮೇತ ಪಟ್ಟಿ ಮಾಡುವವರು, ಅದರ ಹಳೆಯ ವಾಲ್ವುಗಳಿಗಾಗಿ ಊರೂರು ಹುಡುಕುವವರು ಇಂದಿಗೂ ಇದ್ದಾರೆ. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಅಷ್ಟು ಐಶ್ವರ್ಯ ಇರಲಿಲ್ಲ. ಒಂದೇ ಕಡೆ ಮುಳ್ಳು ನಿಲ್ಲಿಸಿದ ಎರಡು ಟ್ರಾನ್ಸಿಸ್ಟರ್ ರೇಡಿಯೊ, ಅದಕ್ಕಿಂತ 455 ಕಿಲೋಹರ್ಟ್ಸ್ ಮೇಲೆ ನಿಲ್ಲಿಸಿದ ಮೂರನೆಯದು, ಹಿಂಬದಿಯ ಮುಚ್ಚಳ ತೆಗೆದು ಅಕ್ಕಪಕ್ಕ ಇಟ್ಟೆವು. ಒಂದರ ಬೆನ್ನ ಹತ್ತಿರ ಕೈ ತಂದರೆ ಮೂರನೆಯದು ಬೆಕ್ಕಿನ ಹಾಗೆ ಕೂಗುತ್ತಿತ್ತು. ರಾಗ ಹೊರಡಿಸಲು ಯಾರಿಗೂ ಆಗಲಿಲ್ಲ.

ಟೆರ್ಮೆನ್ ಅವರು ಕೊನೆಗೆ ಮಾಸ್ಕೋದ ಸಂಗೀತ ಮಹಾಶಾಲೆಯಲ್ಲಿ ಕೆಲಸ ಹಿಡಿದು ಮತ್ತೆ ವಾದ್ಯಗಳನ್ನು ಕಟ್ಟತೊಡಗಿದ್ದರು. 1967ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕರೊಬ್ಬರು ಅವರನ್ನು ಅಲ್ಲಿ ಕಂಡು ಬರೆದರು. ಸತ್ತವರು ಬದುಕಿದ್ದಾರೆಂದು ಅಮೆರಿಕಕ್ಕೆ ತಿಳಿಯಿತು. ಪರದೇಶದ ಪತ್ರಿಕೆಯಲ್ಲಿ ಹೆಸರು ಬಂದುದೇ ಅಪರಾಧವಾಯಿತು. ಅವರನ್ನು ಕೆಲಸದಿಂದ ತೆಗೆದು ವಾದ್ಯಗಳನ್ನು ಒಡೆದು ಎಸೆದರು. ಎಪ್ಪತ್ತು ದಾಟಿದ ಅವರು ಮಾಸ್ಕೋ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದಲ್ಲಿ ಮೆಕ್ಯಾನಿಕ್ ಎಂಬ ಹುದ್ದೆಯಲ್ಲಿ ಕುಳಿತು ಮತ್ತೆ ಬೆಸುಗೆ ಸಲಾಕೆ ಹಿಡಿದರು.

1991ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ, ಅಮೆರಿಕಕ್ಕೆ ಬರಲು ಅವರಿಗೆ ಸಾಧ್ಯವಾಯಿತು. ಐವತ್ತು ವರ್ಷಗಳ ಮೇಲೆ ಕ್ಲಾರಾ ಅವರನ್ನು ನ್ಯೂಯಾರ್ಕಿನಲ್ಲಿ ಕಂಡರು. ಅದೇ ವರ್ಷ ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವವನ್ನೂ ಪಡೆದಿದ್ದರು. ಲೆನಿನ್ನರಿಗೆ ಕೊಟ್ಟ ಮಾತಂತೆ. ವರ್ಷ ಮುಗಿಯುವುದರೊಳಗೆ ಸೋವಿಯತ್ ಒಕ್ಕೂಟವೇ ಇರಲಿಲ್ಲ. 1993ರ ನವೆಂಬರ್ 3ರಂದು ಮಾಸ್ಕೋದಲ್ಲಿ ತೀರಿಕೊಂಡರು. ಮೆಕ್ಯಾನಿಕ್ ಆಗಿದ್ದ ದಿನಗಳಲ್ಲಿ ಅವರು ತಮ್ಮ ಸೋದರಸಂಬಂಧಿಯ ಮೊಮ್ಮಗಳಾದ ಲಿಡಿಯಾ ಕಾವಿನಾ ಎಂಬ ಒಂಬತ್ತು ವರ್ಷದ ಹುಡುಗಿಗೆ ಥೆರೆಮಿನ್ ಪಾಠ ಹೇಳಿದ್ದರು. ಆಕೆ ಬೆಳೆದು ದೇಶದೇಶಗಳ ವಾದ್ಯವೃಂದಗಳ ಜೊತೆ ಅದನ್ನು ನುಡಿಸಿದರು, ಇತರರಿಗೂ ಕಲಿಸಿದರು.